ತಾರಸಿಯ ಮೇಲೊಂದು ಬದು

ನಾನು ನಾಗಮಂಗಲದ ಕಡೆಯ ಹೆಣ್ಣು. ಬೆಳ್ಳೂರಿನಿಂದ ಒಳಕ್ಕೆ ಹೋದರೆ ಸಿಗುವ ನಮ್ಮೂರಿನಲ್ಲಿ ಪಾಚಿ ನೋಡಬೇಕೆಂದರೆ ಬಾವಿಗೆ ಬಗ್ಗಬೇಕಿತ್ತು, ಅದೂ ಬಾವಿಯಲ್ಲಿ ನೀರಿದ್ದ ವರ್ಷ. ತೊಂಬತ್ತರ ದಶಕದ ಮೊದಲಲ್ಲಿ ನನ್ನನ್ನು ಪಾಂಡವಪುರದ ಪಕ್ಕದ ನಾಲೆ ಬಯಲಿನ ಊರಿಗೆ ಕೊಟ್ಟರು. "ನೀರಿರೋ ಕಡೀಕೆ ಓಯ್ತಾ ಇದ್ದೀಯೆ, ಪುಣ್ಯವಂತೆ ಕನವ್ವ ನೀನು" ಎಂದು ನಮ್ಮಜ್ಜಿ ಕೆನ್ನೆ ಹಿಂಡಿ ಕಳಿಸಿದರು. ನೀರೆಂದರೆ ಗದ್ದೆಯಲ್ಲಿ ಇರುತ್ತದೆ ಎಂದು ನಾನು ತಿಳಿದಿದ್ದೆ. ಬಂದು ನೋಡಿದರೆ ಗಂಡನ ಮನೆಯ ತಾರಸಿಯ ಮೇಲೂ ನಿಂತಿತ್ತು.

ಅದು ಆ ಊರಿನ ಮೊದಲ ತಾರಸಿ ಮನೆಯಂತೆ. ಕಬ್ಬಿಗೆ ಒಳ್ಳೆಯ ಕಾಲ ಇದ್ದಾಗ ನಮ್ಮ ಮಾವನ ಅಪ್ಪ ಕಟ್ಟಿಸಿದ್ದು. ಅವರು ತೀರಿಕೊಂಡ ಮೇಲೆ ಮಾವನಿಗೂ ಅವರ ತಮ್ಮನಿಗೂ ಮನಸ್ತಾಪ ಬಂದು ಮನೆ ಪಾಲಾಯಿತು. ನಡುವೆ ಗೋಡೆ ಎದ್ದಿತು. ಅಡುಗೆಮನೆ, ತಾರಸಿಯ ಮೆಟ್ಟಿಲು ನಮ್ಮ ಪಾಲಿಗೆ ಬಂದವು. ಹಿತ್ತಲು, ಕೊಟ್ಟಿಗೆ, ತಾರಸಿಯ ನೀರು ಹೊರಗೆ ಹೋಗುವ ಕೊಳವೆ ಚಿಕ್ಕಮಾವನ ಪಾಲಿಗೆ ಹೋದವು. ಜಗಳದ ಕಾರಣ ಏನೆಂದು ಕೇಳಿದರೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಎಲ್ಲದರಲ್ಲೂ ನಾಲೆ ನೀರಿನ ಸರದಿಯ ಮಾತು ಇದ್ದೇ ಇರುತ್ತಿತ್ತು. ಒಬ್ಬರ ಮನೆ ಹೊಸ್ತಿಲನ್ನು ಇನ್ನೊಬ್ಬರ ಮನೆಯವರು ಯಾರೂ ತುಳಿಯಕೂಡದು ಎಂದು ಅಣ್ಣತಮ್ಮಂದಿರಿಬ್ಬರೂ ಮನೆದೇವರ ಮುಂದೆ ಆಣೆ ಮಾಡಿದ್ದರು. ದೇವರಿಗೂ ಬೇರೆ ಕೆಲಸ ಇರಲಿಲ್ಲವೇನೋ, ಕೇಳಿಸಿಕೊಂಡು ಸುಮ್ಮನಿದ್ದ.

ಪಾಲಾದ ಮೇಲೆ ಬಂದ ಮೊದಲ ಮಳೆಗಾಲದಲ್ಲೇ ಚಿಕ್ಕಮಾವ ತಾರಸಿಯ ನಡುವೆ ಬದು ಕಟ್ಟಿದರು. ಗದ್ದೆಗೆ ಕಟ್ಟುವ ಹಾಗೆಯೇ, ಮಣ್ಣಿನ ಬದಲು ಇಟ್ಟಿಗೆ, ಮೇಲೆ ಸಿಮೆಂಟು. ನಮ್ಮ ನೀರು ಅವರ ಕೊಳವೆಯಲ್ಲಿ ಹೋಗಿ ಅವರ ಹಿತ್ತಲಿಗೆ ಬೀಳಬಾರದಲ್ಲ, ಅದಕ್ಕೆ. ಹೀಗಾಗಿ ನಮ್ಮ ಅರ್ಧ ತಾರಸಿ ನಾಟಿಗೆ ಹದವಾದ ಗದ್ದೆಯ ಹಾಗೆ ನೀರು ಹಿಡಿದುಕೊಂಡು ನಿಂತಿತು. ನಮ್ಮ ಕಡೆ ಬೇರೆ ತೂತು ಕೊರೆದು ಕೊಳವೆ ಹಾಕಿಸೋಣ ಎಂದು ನಮ್ಮ ಯಜಮಾನರು ಹೇಳಿದ್ದಕ್ಕೆ ಮಾವ ಕೆರಳಿದರಂತೆ. "ನಾನ್ ತೂತ ಕೊರ್ದ್ರೆ ಅವ್ನ ಬದಾ ಒಪ್ಕೊಂಡಂಗೆ ಕಣ್ಲಾ!" ಸರ್ಕಾರದ ಲಾಯರಿಗೂ ಹೊಳೆಯದ ವಾದ ಅದು. ಮನೆಯ ಸೂರು ತೊಟ್ಟಿಕ್ಕಿದರೂ ಚಿಂತೆಯಿಲ್ಲ, ವಾದ ಸೋರಬಾರದು.

ನಿಂತ ನೀರಿಗೆ ಪಾಚಿ ಬರುವುದನ್ನು ಯಾರೂ ಕಲಿಸಬೇಕಿಲ್ಲ. ಬದುವಿನ ಹತ್ತಿರ ಲೋಳೆಲೋಳೆಯಾದ ಹಸಿರು, ಅಂಚಿನಲ್ಲಿ ಮೆತ್ತಗೆ ದಪ್ಪಗೆ ಎದ್ದ ಇನ್ನೊಂದು ಹಸಿರು. ಬೇಸಗೆಯಲ್ಲಿ ಎಲ್ಲ ಒಣಗಿ ಕರಿ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತಿತ್ತು. ಮೋಟುಗೋಡೆಯ ಮೇಲೆ ಬೂದಿ ಬಣ್ಣದ ಬಿಲ್ಲೆಬಿಲ್ಲೆಯಾಗಿ ಏನೋ ಅಂಟಿಕೊಂಡಿತ್ತು. ಬಾಡೂಟದ ಮಸಾಲೆಗೆ ಹಾಕುವ ಕಲ್ಲುಹೂವು ಇದೇ ಇರಬೇಕೆಂದು ನಾನು ಹೊಸತರಲ್ಲಿ ಚಾಕುವಿನಿಂದ ಒಂದಿಷ್ಟು ಕೆರೆದು ಸೆರಗಿನಲ್ಲಿ ಕಟ್ಟಿಕೊಂಡು ಇಳಿದಿದ್ದೆ. ಅತ್ತೆ ನೋಡಿ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. "ಅಯ್ಯೋ ನನ್ ತಾಯೇ, ಸಂತೇಲಿ ತರಾದು ಕಾಡಿಂದು ಕನೆ. ಇದ್ನ ಹಾಕುದ್ರೆ ಸಾರು ತಾರ್ಸಿ ವಾಸ್ನೆ ಬತ್ತದೆ!" ಅವರ ನಗು ಕೇಳಿ ನನಗೂ ನಗು ಬಂತು. ಆ ಮನೆಯಲ್ಲಿ ನಾನು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಮೊದಲು.

ಪಾಚಿ ನಮ್ಮ ಕಡೆಗಷ್ಟೇ ಇದ್ದಿದ್ದರೆ ಚಿಕ್ಕಮಾವನಿಗೆ ಗೆದ್ದ ಹಾಗಾಗುತ್ತಿತ್ತು. ಆದರೆ ಬದು ಎಂದ ಮೇಲೆ ಬಸಿಯುತ್ತದೆ. ನಮ್ಮ ನೀರು ಬದುವಿನ ಬುಡದಲ್ಲಿ ಎಲ್ಲೋ ಸಂದಿ ಹುಡುಕಿಕೊಂಡು ಅವರ ಕಡೆ ಒಸರುತ್ತಿತ್ತು. ಅವರ ಅರ್ಧವೂ ಮಳೆಗಾಲವಿಡೀ ಒದ್ದೆ, ಮಳೆಗಾಲವಿಡೀ ಹಸಿರು. ಪಾಲು ಮಾಡಿದ ಪಂಚಾಯ್ತಿದಾರರು ಪಾಚಿಯನ್ನು ಮರೆತಿದ್ದರು, ಅದು ತನ್ನ ಪಾಲನ್ನು ತಾನೇ ಎರಡೂ ಕಡೆ ತೆಗೆದುಕೊಂಡಿತು.

ಇಷ್ಟು ಜಗಳದ ನಡುವೆ ಒಂದು ಸಂಗತಿ ಇತ್ತು. ನಮ್ಮ ಅತ್ತೆ, ಚಿಕ್ಕತ್ತೆ ಒಡಹುಟ್ಟಿದವರು. ಕಿಕ್ಕೇರಿ ಕಡೆಯ ಒಂದೇ ಮನೆಯ ಅಕ್ಕ ತಂಗಿಯನ್ನು ಅಣ್ಣ ತಮ್ಮನಿಗೆ ಕೊಟ್ಟಿದ್ದರು. ಗಂಡಂದಿರ ಆಣೆಯಿಂದಾಗಿ ಅವರು ಒಬ್ಬರ ಮನೆಗೆ ಒಬ್ಬರು ಹೋಗುವಂತಿರಲಿಲ್ಲ, ಹಬ್ಬಕ್ಕೆ ಒಬ್ಬಟ್ಟು ಕೊಡುವಂತಿರಲಿಲ್ಲ. ಆದರೆ ಹೆಂಗಸರು ಕಾನೂನು ಓದದಿದ್ದರೂ ಅದರ ತೂತುಗಳು ಅವರಿಗೆ ಗೊತ್ತಿರುತ್ತವೆ. "ತಾರ್ಸೀಗೆ ಹೊಸ್ತಿಲೆಲ್ಲದೆ?" ಎಂದು ಅತ್ತೆ ನನಗೆ ಮೊದಲ ವಾರದಲ್ಲೇ ಕಣ್ಣು ಮಿಟುಕಿಸಿ ಹೇಳಿದ್ದರು. ಮಧ್ಯಾಹ್ನ ಗಂಡಸರು ಗದ್ದೆಗೆ ಹೋದ ಮೇಲೆ ಅತ್ತೆ ಮೆಟ್ಟಿಲು ಹತ್ತುವರು. ಚಿಕ್ಕತ್ತೆ ಹಿತ್ತಲಿನಿಂದ ಬಿದಿರೇಣಿ ಹಾಕಿಕೊಂಡು ಬರುವರು. ಬದುವಿನ ಆಚೆ ಒಬ್ಬರು, ಈಚೆ ಒಬ್ಬರು. ಸಂಡಿಗೆ ಇಡುವುದು, ಅಕ್ಕಿ ಆರಿಸುವುದು, ತಲೆ ನೋಡಿಕೊಳ್ಳುವುದು, ತವರಿನ ಸುದ್ದಿ. ಇಬ್ಬರೂ ಬದುವನ್ನು ದಾಟುತ್ತಿರಲಿಲ್ಲ. ಅದೊಂದು ಮಟ್ಟಿಗೆ ನಿಯತ್ತು.

ಗಂಡಸರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುವುದರಲ್ಲಿ ಆ ಅಣ್ಣತಮ್ಮಂದಿರು ಒಂದೇ ಅಚ್ಚು.

ಒಂದು ವರ್ಷ ಆಷಾಢದಲ್ಲಿ ಮಳೆ ಸ್ವಲ್ಪ ಹೊಳವಾಯಿತೆಂದು ಅತ್ತೆ ಮೋಟುಗೋಡೆಯ ಮೇಲೆ ಒಣಗಿಸಲು ಮೊರದ ತುಂಬ ಮೆಣಸಿನಕಾಯಿ ಹೊತ್ತುಕೊಂಡು ಮೇಲೆ ಹೋದರು. ನಾನು ಕೆಳಗೆ ರಾಗಿ ಹಿಟ್ಟು ಜರಡಿ ಆಡುತ್ತಿದ್ದೆ. ಮೇಲೆ ಧೊಪ್ಪೆಂದು ಸದ್ದಾಯಿತು, ಹಿಂದೆಯೇ "ಅಯ್ಯಯ್ಯಪ್ಪೋ!" ಎಂಬ ಕೂಗು. ಓಡಿ ಹೋದೆ. ಪಾಚಿಯ ಮೇಲೆ ಕಾಲು ಜಾರಿ ಅತ್ತೆ ಬಲಗೈ ಊರಿ ಬಿದ್ದಿದ್ದರು. ನೀರಿನಲ್ಲಿ ಮೆಣಸಿನಕಾಯಿ ತೇಲುತ್ತಿದ್ದವು. ಆಚೆ ಬದಿಯಿಂದ ಚಿಕ್ಕತ್ತೆ ಏಣಿಯ ತುದಿಗೆ ಬಂದು ಮುಖ ತೋರಿಸುವುದಕ್ಕೂ ಮಾವ ಮೆಟ್ಟಿಲು ಹತ್ತಿ ಬರುವುದಕ್ಕೂ ಸರಿಹೋಯಿತು.

"ಯಾರೂ ಬರ್ಬೇಕಾಗಿಲ್ಲ ಈ ಕಡೀಕೆ!" ಎಂದು ಮಾವ ಗುಡುಗಿದರು. ಹೆದರಿಕೆಯಲ್ಲಿ ಬಂದ ಕೋಪ ಅದು, ನನಗೆ ಗೊತ್ತಾಯಿತು. ಚಿಕ್ಕತ್ತೆಗೆ ಗೊತ್ತಾಯಿತೋ ಇಲ್ಲವೋ. ಅವರ ಮುಖ ಏಣಿಯ ಕೆಳಗೆ ಇಳಿದುಹೋಯಿತು.

ಮೂಳೆ ಕಟ್ಟುವವರ ಹತ್ತಿರ ಕರೆದುಕೊಂಡು ಹೋದೆವು. ಅವರು ಮೊಟ್ಟೆಯ ಬಿಳಿ ಸವರಿ, ಬಿದಿರಿನ ದಬ್ಬೆ ಇಟ್ಟು, ಬಿಗಿಯಾಗಿ ಬಟ್ಟೆ ಸುತ್ತಿದರು. ಮನೆಗೆ ಬಂದ ತಕ್ಷಣ ಮಾವ ತಾರಸಿಯ ಬಾಗಿಲಿಗೆ ಬೀಗ ಜಡಿದು ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. "ಮ್ಯಾಲೆ ಪಾಚಿ ಇರೋಗಂಟ ಈ ಮನೇಲಿ ಯಾರೂ ಮೆಟ್ಲ ಹತ್ಕೂಡ್ದು" ಎಂದರು. ಅತ್ತೆ ಕೈ ನೋವಿಗೆ ಅಳದವರು ಆಗ ಕಣ್ಣು ಒರೆಸಿಕೊಂಡರು. ಪಾಚಿ ಹೋಗುವುದು ಎಂದರೆ ನೀರು ಹೋಗುವುದು, ನೀರು ಹೋಗುವುದು ಎಂದರೆ ಬದು ಹೋಗುವುದು. ಅದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದು ಅವರಿಗೆ ಗೊತ್ತಿತ್ತು. ತಂಗಿಯ ಮುಖ ನೋಡುವ ಜಾಗ ಅದೊಂದೇ ಇತ್ತು, ಅದೂ ಹೋಯಿತು.

ಆದರೂ ಅತ್ತೆ ಅಷ್ಟು ಸುಲಭಕ್ಕೆ ಸೋಲುವ ಪೈಕಿ ಅಲ್ಲ. ಅಡುಗೆಮನೆಯ ಗೋಡೆಯ ಆಚೆಗೇ ಚಿಕ್ಕತ್ತೆಯ ಕೊಟ್ಟಿಗೆ. ಒಂದು ದಿನ ಅತ್ತೆ ಇದ್ದಕ್ಕಿದ್ದಂತೆ ಒಲೆಯ ಮುಂದೆ ಮಲಗಿದ್ದ ಬೆಕ್ಕನ್ನು ದೊಡ್ಡ ದನಿಯಲ್ಲಿ ಬಯ್ಯತೊಡಗಿದರು. "ಲೇ ಬೆಕ್ಕೇ, ನನ್ ಕೈ ಒಸಿ ವಾಸಿ ಕಣೆ! ಬೆರ್ಳು ಆಡಿಸ್ತೀನಿ, ಆದ್ರೆ ಮುದ್ದೆ ಕಟ್ಟಾಕಾಗಕಿಲ್ಲ!" ಬೆಕ್ಕು ಗಾಬರಿಯಾಗಿ ಎದ್ದು ಹೋಯಿತು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಚಿಕ್ಕತ್ತೆ ಎಮ್ಮೆಯನ್ನು ಗದರುವುದು ಕೇಳಿಸಿತು. "ಏ ಎಮ್ಮೆ, ತಣ್ಣೀರ್ನಾಗೆ ಕೈ ಇಕ್ಬ್ಯಾಡ ಅಂದ್ರೆ ಕೇಳಕಿಲ್ವಾ ನೀನು! ಸೊಸೆ ಏನ್ ಮಾಡ್ತಾವಳೆ?" ಸೊಸೆ ಎಂದರೆ ನಾನು. ಎಮ್ಮೆಗೆ ನನ್ನ ಯೋಗಕ್ಷೇಮ ಬೇಕಾಗಿತ್ತು. ಆ ಮಳೆಗಾಲ ಪೂರ್ತಿ ಒಂದು ಬೆಕ್ಕು ಒಂದು ಎಮ್ಮೆ ತಪ್ಪೇ ಮಾಡದೆ ಬೈಸಿಕೊಂಡವು.

ಆದರೆ ನಗು ಮುಗಿದ ಮೇಲೆ ಅತ್ತೆ ಗೋಡೆಗೆ ತಲೆ ಆನಿಸಿ ಸುಮ್ಮನೆ ಕೂತಿರುತ್ತಿದ್ದರು. ಕಟ್ಟು ಬಿಚ್ಚಿದಾಗ ಮಣಿಕಟ್ಟು ಒಂದು ಕಡೆ ಉಬ್ಬಿ ಸೊಟ್ಟಗೆ ಕೂತಿತ್ತು. "ಓಗ್ಲಿ ಬುಡು, ಇನ್ನೇನು ನನ್ನ ಹೆಣ್ಣು ನೋಡಾಕ್ ಬತ್ತಾರಾ" ಎಂದರು. ಅವತ್ತೇ ಸಂಜೆ ಮಾವನ ಮುಂದೆ ಕಾಫಿ ಲೋಟ ಕುಕ್ಕಿ, "ಮಾವಯ್ಯ, ಪಾಚಿ ಇರೋಗಂಟ ಅಂದ್ರಲ್ಲ, ಪಾಚಿ ತೆಗೆಯೋದು ಯಾವಾಗ?" ಎಂದು ಕೇಳಿಬಿಟ್ಟೆ. ಸೊಸೆ ಲೋಟ ಕುಕ್ಕುವ ಮನೆಯಲ್ಲ ಅದು. ಮಾವ ನನ್ನನ್ನೂ ಲೋಟವನ್ನೂ ನೋಡಿದರು. "ಪಾಚಿ ತಾನೆ? ಗದ್ದೇಲಿ ಪಾಚಿ ಕಟ್ಟುದ್ರೆ ಏನ್ ಮಾಡ್ತೀವೋ ಅದ್ನೇ ಮಾಡಾದು" ಎಂದರು.

ಗದ್ದೆಯಲ್ಲಿ ಪಾಚಿ ಕಟ್ಟಿದರೆ ಏನು ಮಾಡುತ್ತಾರೆಂದು ರಾಗಿ ಹೊಲದವಳಿಗೆ ಏನು ಗೊತ್ತು? ಮೈಲುತುತ್ತವನ್ನು ಗೋಣಿತುಂಡಿನಲ್ಲಿ ಗಂಟು ಕಟ್ಟಿ ನೀರು ಒಳಗೆ ಬರುವ ಕಡೆ ಇಡುತ್ತಾರಂತೆ. ಅದು ಕರಗಿ ಹರಡಿ ಪಾಚಿ ಸಾಯುತ್ತದೆ. ಮಾವ ಅಂಗಡಿಯಿಂದ ನೀಲಿ ಹರಳು ತಂದರು, ಗಂಟು ಕಟ್ಟಿದರು, ತಾವೊಬ್ಬರೇ ಮೇಲೆ ಹೋಗಿ ತಾರಸಿಯ ನೀರಿನಲ್ಲಿ ಬಿಟ್ಟು ಬಂದು ಮತ್ತೆ ಬೀಗ ಹಾಕಿದರು. ಕೋಳಿಗಳನ್ನು ಮೆಟ್ಟಿಲ ಕಡೆ ಬಿಡಬೇಡ ಎಂದು ನನಗೆ ಹೇಳಿ, ಸಾರು ಬಡಿಸಿಕೊಂಡು ಉಂಡರು. ಪಾಚಿಯನ್ನು ಕೊಂದರೂ ಸರಿ, ಬದುವನ್ನು ಮುಟ್ಟುವುದಿಲ್ಲ ಎಂಬ ತೃಪ್ತಿ ಮುಖದಲ್ಲಿತ್ತು.

ಅದು ಹಿರಿಯರಿಗೆ ಎಡೆಯಿಡುವ ಮಾರ್ಲಮಿ ಹಬ್ಬದ ಸಮಯ. ಚಿಕ್ಕಮಾವ ಅದೇ ವಾರ ಮನೆಗೆ ಸುಣ್ಣ ಹೊಡೆಸಿದ್ದರು. ಬೆಳ್ಳಗೆ ಹಾಲಿನ ಹಾಗಿದ್ದ ಗೋಡೆ. ಮೈಲುತುತ್ತಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆಂದು ತೋಟ ಇರುವವರಿಗೆಲ್ಲ ಗೊತ್ತು, ಮರಕ್ಕೆ ಹೊಡೆಯುವ ಔಷಧಿ ಅದು, ಆಕಾಶದ ಬಣ್ಣ. ನಮ್ಮ ನೀರು ಎಂದಿನ ಹಾಗೆ ಬದುವಿನ ಬುಡದಲ್ಲಿ ಬಸಿದು, ಅವರ ಕೊಳವೆಯ ಬಾಯಲ್ಲಿ ಜಿನುಗಿ, ಗೋಡೆಯುದ್ದಕ್ಕೂ ಇಳಿಯಿತು. ಎರಡೇ ದಿನದಲ್ಲಿ ಹೊಸ ಸುಣ್ಣದ ಗೋಡೆಗೆ ಮೇಲಿನಿಂದ ಕೆಳಗಿನವರೆಗೆ ನೀಲಿ ಪಟ್ಟೆ ಬಂದವು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಕಾಣುತ್ತಿತ್ತು.

ಚಿಕ್ಕಮಾವ ಬೀದಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಆಕಾಶಕ್ಕೆ ಹೇಳಿದರು. "ಯಾವನ್ಲಾ ಅವ್ನು, ನನ್ ಗ್ವಾಡೆಗೆ ಮೈಲುತುತ್ತ ಉಯ್ದೋನು!"

ಮಾವ ಜಗಲಿಯ ಮೇಲೆ ಕೂತಿದ್ದರು. ಅವರು ಎದುರಿನ ಬೇವಿನ ಮರಕ್ಕೆ ಹೇಳಿದರು. "ನನ್ ತಾರ್ಸಿ, ನನ್ ನೀರು, ನಾನ್ ಏನಾರ ಆಕ್ಕೋತೀನಿ. ಬದಾ ಕಟ್ಟಿದ್ದೋನು ನೆಟ್ಟಗೆ ಕಟ್ಬೇಕಾಗಿತ್ತು."

ಬೈದಿದ್ದರೆ ಚಿಕ್ಕಮಾವ ತಿರುಗಿ ಬೈದು ಒಳಗೆ ಹೋಗುತ್ತಿದ್ದರು. ಆದರೆ ಇದು ಬೈಗುಳ ಅಲ್ಲ, ಬೇಸಾಯದ ಮೇಲೆ ಬಂದ ಆರೋಪ. ಅವರ ಕಿವಿ ಕೆಂಪಾಯಿತು. "ನಾನ್ ಕಟ್ಟಿದ್ ಬದಾ ಬಸೀತದಾ? ಇಡೀ ಬಯ್ಲಲ್ಲಿ ಕೇಳು, ನನ್ ಬದ ಒಂದ್ ತೊಟ್ಟು ಬಸ್ದದಾ ಅಂತ!" ಈ ಸಲ ಆಕಾಶಕ್ಕಲ್ಲ, ನೇರವಾಗಿ ಅಣ್ಣನಿಗೆ. "ಬಸೀದೆ ನಿನ್ ಗ್ವಾಡೆ ಅದೇನ್ ತಾನೇ ನೀಲಿ ಸೀರೆ ಉಟ್ಕತಾ?" ಎಂದರು ಮಾವ, ಅವರೂ ನೇರವಾಗಿ. ಬೀದಿಯಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದವರೆಲ್ಲ ನಿಂತರು. "ಬಾ ತೋರ್ಸು, ಎಲ್ ಬಸೀತಾ ಅದೆ!" ಎಂದು ಚಿಕ್ಕಮಾವ ಏಣಿಯ ಕಡೆ ಓಡಿದರು. ಮಾವ ಉಡಿದಾರದಿಂದ ಬೀಗದ ಕೈ ಕಿತ್ತುಕೊಂಡು ಮೆಟ್ಟಿಲು ಹತ್ತಿದರು. ಹೊಡೆದಾಟ ಆದರೆ ಬಿಡಿಸಲೆಂದು ನಾನೂ ಹಿಂದೆ ಓಡಿದೆ. ಕೈಯಲ್ಲಿ ಕಡ್ಡಿಪೊರಕೆ ಇತ್ತು, ಯಾರಿಗೆ ಹೊಡೆಯಲು ಎಂದು ನನಗೂ ತಿಳಿಯದು.

ಮೇಲೆ ಹೋಗಿ ನೋಡಿದರೆ ಇಬ್ಬರೂ ಬದುವಿನ ಆಚೆ ಈಚೆ ಕುಕ್ಕರಗಾಲಿನಲ್ಲಿ ಕೂತು ಮೂಗು ನೆಲಕ್ಕೆ ತಾಗಿಸಿದ್ದಾರೆ. ಸತ್ತ ಪಾಚಿ ಕಂದು ಬಣ್ಣಕ್ಕೆ ತಿರುಗಿ ನೀರಿನ ಮೇಲೆ ಕಂಬಳಿಯ ಹಾಗೆ ತೇಲುತ್ತಿತ್ತು, ವಾಸನೆ ಮೂಗಿಗೆ ಬಡಿಯುತ್ತಿತ್ತು. ಇಬ್ಬರಿಗೂ ಅದರ ಪರಿವೆ ಇಲ್ಲ.

"ಇಲ್ಲಿ ಕಣೋ" ಎಂದರು ಮಾವ.

"ಅಲ್ಲಲ್ಲ, ಅದು ಮ್ಯಾಲಿನ್ ಬಿರುಕು. ನೀರು ಇಳಿಯಾದು ಬ್ಯಾರೆ ಕಡೆ."

"ಅಂಗಾದ್ರೆ ಹೊಟ್ಟು ತತ್ತೀನಿ ತಡಿ, ನೀರ್ನಾಗೆ ಬುಟ್ರೆ ಎಲ್ಲಿ ಎಳ್ಕೋತದೆ ಅಂತ ಗೊತ್ತಾಯ್ತದೆ."

ಭತ್ತದ ಹೊಟ್ಟು ಬಂತು. ಅದನ್ನು ನೀರಿನ ಮೇಲೆ ಉದುರಿಸಿ ಇಬ್ಬರೂ ಉಸಿರು ಬಿಗಿ ಹಿಡಿದು ನೋಡಿದರು. ಹೊಟ್ಟು ನಿಧಾನವಾಗಿ ತಿರುಗುತ್ತಾ ಮೂಲೆಯ ಕಡೆ ಹೋಗಿ ಒಂದು ಕಡೆ ಗುಂಪುಗೂಡಿತು. "ಅಗೋ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಅಲ್ಲಿ ಒಂದು ಇಟ್ಟಿಗೆಯ ಕೆಳಗೆ ಪೊರಕೆಕಡ್ಡಿ ತೂರುವಷ್ಟು ಸಂದಿ. ಚಿಕ್ಕಮಾವನಿಗೆ ಸೋತ ಬೇಜಾರಿಗಿಂತ ಸಂದಿ ಸಿಕ್ಕ ಖುಷಿಯೇ ಹೆಚ್ಚಾಯಿತು. ಕಣ್ಣನ್ನು ಸಂದಿಯಿಂದ ಕೀಳದೆ ಕೈ ಮಾತ್ರ ಚಾಚಿ, "ಅಣ್ಣ, ಪಿಕಾಸಿ ಕೊಡು" ಎಂದರು.

ನಾನು ಮದುವೆಯಾಗಿ ಬಂದ ಮೇಲೆ ಆ ಬಾಯಲ್ಲಿ ಅಣ್ಣ ಎಂಬ ಮಾತು ಕೇಳಿರಲಿಲ್ಲ. ಮಾವ ಮೆಟ್ಟಿಲ ಮೂಲೆಯಲ್ಲಿದ್ದ ಪಿಕಾಸಿ ತಂದು ಕೊಟ್ಟರು. ಸಂದಿ ಸರಿಯಾಗಿ ಕಾಣಲಿ ಎಂದು ಚಿಕ್ಕಮಾವ ಒಂದು ಏಟು ಹಾಕಿದರು. ಇಟ್ಟಿಗೆ ಕಿತ್ತು ಬಂತು. ಮಳೆಗಾಲ ಪೂರ್ತಿ ನಿಂತಿದ್ದ ನೀರು ಭೋರೆಂದು ನುಗ್ಗಿ ಅವರ ಅರ್ಧವನ್ನು ದಾಟಿ ಕೊಳವೆಯಲ್ಲಿ ಧುಮುಕಿತು. ಆಗ ನಿಲ್ಲಿಸಬೇಕಿತ್ತು. ಆದರೆ ಹುಟ್ಟಿದಾಗಿನಿಂದ ನಾಲೆ ನೀರು ಕಟ್ಟಿದ ಕೈಗಳು ಹರಿಯುವ ನೀರನ್ನು ನೋಡಿ ಸುಮ್ಮನಿರುತ್ತವೆಯೇ? "ಒಸಿ ಅಗ್ಲ ಮಾಡ್ಲಾ, ಸರಾಗವಾಗಿ ಹೋಗ್ಲಿ" ಎಂದರು ಮಾವ. ಚಿಕ್ಕಮಾವ ಇನ್ನೆರಡು ಇಟ್ಟಿಗೆ ಕಿತ್ತರು. ಮಾವ ಪಂಚೆ ಎತ್ತಿ ಕಟ್ಟಿ ಬರಿಗಾಲಿನಲ್ಲಿ ಪಾಚಿಯನ್ನು ಒತ್ತರಿಸಿ ಒತ್ತರಿಸಿ ನೀರಿನ ಬಾಯಿಗೆ ನೂಕಿದರು. ಪೂರ್ತಿ ನೀರು ಬಸಿದು ಹೋಗುವವರೆಗೂ ಇಬ್ಬರೂ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು ನೋಡಿದರು. ಅಷ್ಟರಲ್ಲಿ ತಾವು ಮಾತು ಬಿಟ್ಟವರೆಂದು ನೆನಪಾಯಿತೆಂದು ಕಾಣುತ್ತದೆ. ಒಬ್ಬರು ಏಣಿಯ ಕಡೆ, ಒಬ್ಬರು ಮೆಟ್ಟಿಲಿನ ಕಡೆ, ಹೇಳದೆ ಕೇಳದೆ ಇಳಿದು ಹೋದರು.

ಪೊರಕೆ ಹಿಡಿದುಕೊಂಡು ನಾನೊಬ್ಬಳೇ ನಿಂತಿದ್ದೆ. ನಗು ತಡೆಯಲಾರದೆ ಅಲ್ಲೇ ಕೂತು ನಕ್ಕೆ. ಹೋಗಿ ಅತ್ತೆಗೆ ಹೇಳಿದರೆ ಅವರು ನಂಬಲಿಲ್ಲ. "ಅಣ್ಣ ಅಂದ್ನಾ? ನಿಜವಾಗ್ಲೂ ಅಂದ್ನಾ?" ಎಂದು ಮತ್ತೆ ಮತ್ತೆ ಕೇಳಿದರು.

ಮರುದಿನದಿಂದ ಉಜ್ಜುವ ಕೆಲಸ. ಬ್ಲೀಚಿಂಗ್ ಪೌಡರು, ತೆಂಗಿನ ನಾರು, ಕಡ್ಡಿಪೊರಕೆ. ನಮ್ಮ ಅರ್ಧವನ್ನು ಮಾವ, ನಮ್ಮ ಯಜಮಾನರು, ನಾನು ಉಜ್ಜಿದೆವು. ಅವರ ಅರ್ಧವನ್ನು ಚಿಕ್ಕಮಾವ ಉಜ್ಜಿದರು. ಇಬ್ಬರೂ ಬದುವಿನ ಬುಡಕ್ಕೆ ಬಂದು ಗೆರೆ ಕೊಯ್ದ ಹಾಗೆ ನಿಲ್ಲಿಸಿದರು. ಅಳಿದುಳಿದ ಬದು ಮಾತ್ರ ಹಸಿರು ಅಂಚಿನ ಹಾಗೆ ಉಳಿಯಿತು. ಅದು ಅವನು ಕಟ್ಟಿದ್ದು ಅವನು ಉಜ್ಜಲಿ ಎಂದು ಮಾವ, ಅದರ ಮೇಲಿರುವುದು ಅಣ್ಣನ ನೀರಿನ ಪಾಚಿ ಎಂದು ಚಿಕ್ಕಮಾವ. ಕಿತ್ತ ಇಟ್ಟಿಗೆಗಳನ್ನು ಮತ್ತೆ ಇಡುವ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಮಾವ ಬೀಗವನ್ನು ತಂದು ಗೂಡಿನಲ್ಲಿಟ್ಟು, ಯಾರ ಮುಖವನ್ನೂ ನೋಡದೆ, "ಜಾರದಂಗೆ ಓಗ್ರಪ್ಪ" ಎಂದರು.

ಅತ್ತೆ ಅವತ್ತು ಎರಡು ಸಲ ತಲೆ ಬಾಚಿಕೊಂಡರು. ನಾನು ಕೈ ಹಿಡಿದು ಮೇಲೆ ಕರೆದುಕೊಂಡು ಹೋದೆ. ಚಿಕ್ಕತ್ತೆ ಆಗಲೇ ಬಂದು ಕಾಯುತ್ತಿದ್ದರು. ಕುಶಲ ಕೇಳುತ್ತಾರೆ, ಅಳುತ್ತಾರೆ ಎಂದು ನಾನು ಕಾದರೆ, ಚಿಕ್ಕತ್ತೆ ಬದುವನ್ನು ಒಂದೇ ಹೆಜ್ಜೆಗೆ ದಾಟಿ ಬಂದು ಅಕ್ಕನ ಬಲಗೈಯನ್ನು ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದರು. ಸೊಟ್ಟಗೆ ಉಬ್ಬಿದ ಮಣಿಕಟ್ಟನ್ನು ಹೆಬ್ಬೆರಳಿನಿಂದ ಒತ್ತಿದರು. ಅವರ ಮುಖ ಕೆಂಪಾಗಿ, ಕೋಪ ಬಂತು.

"ಯಾವನೇ ಕಟ್ಟಿದ್ದು ಇದ್ನ? ನೀನ್ ಬಿದ್ದಾಗ ಕೂಗ್ಕೊಂಡಿದ್ದು ನನ್ ಕಿವೀಲಿ ಇನ್ನೂ ಅದೆ. ಒಂದ್ ಗ್ವಾಡೆ ಆಚೆ ಇದ್ದೆ ಕನಕ್ಕ ನಾನು, ಒಂದೇ ಗ್ವಾಡೆ! ದಿನಾ ಎಣ್ಣೆ ಹಚ್ಚಿ ನೀವ್ತಾ ಕುಂತಿದ್ರೆ ಇಂಗೆ ಸೊಟ್ಟಗೆ ಕೂರಾಕ್ ಬುಡ್ತಿದ್ನಾ?"

ಹಿಂದೆ ಸದ್ದಾಯಿತೆಂದು ತಿರುಗಿದರೆ ಮೆಟ್ಟಿಲ ಬಾಗಿಲಲ್ಲಿ ಮಾವ ನಿಂತಿದ್ದರು. ಅತ್ತೆ ಮತ್ತೆ ಜಾರಿಯಾರೆಂದು ನೋಡಲು ಬಂದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಟವಲಿನಿಂದ ಮುಖ ಒರೆಸಿಕೊಂಡರು. "ಬಿಸ್ಲು ನೆತ್ತಿಗೆ ಬಂದದೆ. ಇಬ್ರೂ ಕೆಳೀಕ್ ಬನ್ರವ್ವ" ಎಂದು ಹೇಳಿ ಇಳಿದು ಹೋದರು. ಆಚೆಯ ಹಿತ್ತಲಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ ಚಿಕ್ಕಮಾವ ತಲೆಯೆತ್ತಿ ನೋಡಿ, ಕೇಳದವರ ಹಾಗೆ ಇನ್ನೊಂದು ಚೆಂಬು ನೀರು ಸುರಿದರು.

ಚಿಕ್ಕತ್ತೆ ಅಕ್ಕನ ಕೈ ಬಿಡದೆ ನಮ್ಮ ಮೆಟ್ಟಿಲು ಇಳಿದು ಅಡುಗೆಮನೆಗೆ ಬಂದರು. ಎಣ್ಣೆ ತಂದುಕೊಡಲೆಂದು ನಾನು ಮುಂದೆ ಹೋಗುವಷ್ಟರಲ್ಲಿ ಅವರು ಒಲೆಯ ಪಕ್ಕದ ಗೋಡೆಗೂಡಿನೊಳಗೆ, ನೋಡದೆಯೇ, ಮನೆ ಪಾಲಾಗುವ ಮೊದಲು ತಾವೇ ಇಡುತ್ತಿದ್ದ ಮೂಲೆಗೆ ಕೈ ಹಾಕಿದರು. ಹರಳೆಣ್ಣೆಯ ಬಟ್ಟಲು ಅಲ್ಲೇ ಇತ್ತು.